ಕೋರೆ ದಾಟದ ಚೆಂಡು

ಚೆಂಡು ಮಗುವಿನ ತಲೆಗೆ ಬಿದ್ದರೆ?

ಅನ್ನ ಬಸಿಯುವಾಗ, ಬಟ್ಟೆ ಹಿಂಡುವಾಗ, ಮಗಳು ಕಾಂತಿಯ ಮೋಟು ಜಡೆಗೆ ರಿಬ್ಬನ್ ಕಟ್ಟುವಾಗ ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ. ಗಾಲ್ಫಿನ ಚೆಂಡನ್ನು ಕೈಯಲ್ಲಿ ಹಿಡಿಯದವರಿಗೆ ಇದು ಅತಿಯೆನಿಸಬಹುದು. ನೋಡಲು ಲಿಂಬೆಹಣ್ಣಿನಷ್ಟೇ, ಗೋಡೆಗೆ ಬಡಿದರೆ ಗಾರೆ ಏಳುತ್ತದೆ. ಬಯಲಿನ ಆಚೆಯಿಂದ ಕೋಲು ತಾಗಿದ ಸದ್ದು ಕೇಳಿದರೆ ಸಾಕು, ನಾನು ಕೈಯಲ್ಲಿದ್ದದ್ದನ್ನು ಬಿಟ್ಟು ಅಂಗಳಕ್ಕೆ ಓಡಿ ಮಗುವನ್ನು ಎತ್ತಿಕೊಂಡು ಒಳಗೆ ಬರುತ್ತಿದ್ದೆ. ಆಮೇಲೆ ಬಾಗಿಲಿಗೆ ಚಿಲಕ. ಚಿಲಕದ ಒಳಗೆ ನಾವಿಬ್ಬರು, ಮತ್ತು ಏಪ್ರಿಲಿನ ಸೆಕೆ.

ಬಂಟ್ವಾಳದಿಂದ ಮೂಡಬಿದ್ರೆಗೆ ಹೋಗುವ ದಾರಿಯಲ್ಲಿ ಬಲಕ್ಕೆ ಏರಿದರೆ ಕೇಪುಳಪದವು. ಪದವು ಎಂದರೆ ಮರವೇ ಇಲ್ಲದ ಕೆಂಪುಕಲ್ಲಿನ ಬಯಲು. ಕೆಳಗೆ ಹೊಳೆಯ ಬದಿಯಲ್ಲಿ ಹಂಚಿನ ಕಾರ್ಖಾನೆ. ನನ್ನ ಗಂಡ ಸುಧಾಕರ ಅಲ್ಲಿ ಹಂಚು ಸುಡುವ ಗೂಡುಗಳ ಉಸ್ತುವಾರಿ. ಕಾರ್ಖಾನೆ ಕಟ್ಟಿದ ಬಿಳಿ ದೊರೆಗಳು ಪದವಿನ ಮೇಲೆ ಒಂಬತ್ತು ಕುಳಿಗಳ ಗಾಲ್ಫ್ ಮೈದಾನವನ್ನೂ ಮಾಡಿಸಿದ್ದರು. ದೊರೆಗಳು ಹೋಗಿ ಈಗ ನಮ್ಮವರೇ ಆಡುತ್ತಾರೆ. ಕಾರ್ಖಾನೆಯ ಆಫೀಸರುಗಳು, ಮಂಗಳೂರಿನ ಒಬ್ಬಿಬ್ಬರು ವಕೀಲರು, ಚಾರ್ಮಾಡಿ ಘಾಟಿ ಇಳಿದು ಜೀಪಿನಲ್ಲಿ ಬರುವ ಕಾಫಿ ತೋಟದವರು. ಮೈದಾನದ ಅಂಚಿನಲ್ಲೇ ನಮಗೆ ಕೊಟ್ಟ ಮನೆ. ಬೊಂಬಾಯಿಯ ಮಾಟುಂಗದಲ್ಲಿ ಶಾಲೆ ಕಲಿತು, ಟ್ರಾಮಿನ ಗಂಟೆ ಕೇಳಿ ಬೆಳೆದ ನನಗೆ ಮದುವೆಯ ಹೊಸತರಲ್ಲಿ ಆ ಬಯಲು ಚಂದವೇ ಕಂಡಿತ್ತು.

ಸುಬ್ಬಪ್ಪಣ್ಣನ ಪರಿಚಯವಾದದ್ದೂ ಆಗಲೇ.

ಅವರು ಮೈದಾನದ ಮೇಸ್ತ್ರಿ. ಮುಂಡಾಜೆಯ ಕಡೆಯವರು. ಮೀಸೆ ಮೂಡುವ ಮೊದಲೇ ಕಲ್ಲು ಹೊರಲು ಬಂದವರನ್ನು ಆಗಿನ ದೊರೆ ಗೂಟ ಹಿಡಿಯಲು ಕರೆದನಂತೆ. ದೊರೆ ಮುಂದೆ, ಗೂಟದ ಕಟ್ಟು ಹೊತ್ತ ಇವರು ಹಿಂದೆ. ದೊರೆ ನಿಂತಲ್ಲಿ ಗೂಟ, ಗೂಟ ನೆಟ್ಟಲ್ಲಿ ಕುಳಿ. ಇಲ್ಲಿ ಕುಳಿಯ ಸುತ್ತ ಹುಲ್ಲು ಬೆಳೆಸಲು ನೀರಿಲ್ಲ. ಹಾಗಾಗಿ ಹೊಳೆಯ ಮರಳನ್ನು ಜರಡಿ ಹಿಡಿದು, ಲಾರಿಯ ಹಳೆ ಎಣ್ಣೆ ಬೆರೆಸಿ, ಒರಳಿನ ಬಾಯಿಯಷ್ಟು ನುಣುಪಾಗಿ ಹಾಸುತ್ತಾರೆ. ಭತ್ತ ಬಡಿಯುವ ಜಾಗದಂತೆ ಕಾಣುವುದಕ್ಕೆ ಅದನ್ನು ಕಳ ಎಂದೇ ಎಲ್ಲರೂ ಕರೆಯುವುದು. ಸುಬ್ಬಪ್ಪಣ್ಣ ಹಿಡಿಸೂಡಿ ಹಿಡಿದು ಕಳವನ್ನು ನಡುವಿನಿಂದ ಸುತ್ತುತ್ತ ಸುತ್ತುತ್ತ ಗುಡಿಸಿ ಹೊರಬರುವಾಗ ಅವರದೇ ಹೆಜ್ಜೆಯ ಗುರುತೂ ಅದರಲ್ಲಿ ಉಳಿಯುತ್ತಿರಲಿಲ್ಲ.

ಹೆಂಡತಿ ತೀರಿಹೋಗಿದ್ದರು. ಮಗಳನ್ನು ಕನ್ಯಾನಕ್ಕೆ ಕೊಟ್ಟಿತ್ತು. ಅವಳು ಬಂದು ಕರೆದರೆ, "ಅಲ್ಲಿ ಬರೇ ಗುಡ್ಡೆ ಮಾರಾಯ್ತಿ, ಕಣ್ಣು ಹಾಯಿಸ್ಲಿಕ್ಕೆ ಜಾಗ ಇಲ್ಲ" ಎಂದು ನೆಪ ಹೇಳಿ ಕಳಿಸುತ್ತಿದ್ದರು. ಆಟದವರು ಕೂರುವ ಹಂಚಿನ ಕೊಟ್ಟಿಗೆಗೆ ಕ್ಲಬ್ಬು ಎಂದು ಹೆಸರು. ಅದರ ಹಿಂದಿನ ಕೋಣೆಯಲ್ಲಿ ಅವರ ವಾಸ. ಊರಲ್ಲಿ ಮೊದಮೊದಲು ನನ್ನೊಡನೆ ನಿಂತು ಮಾತಾಡುತ್ತಿದ್ದವರು ಅವರೊಬ್ಬರೇ. ಕಾಂತಿ ನಡೆಯಲು ಕಲಿತದ್ದು ಅವರ ಹೆಬ್ಬೆರಳು ಹಿಡಿದು.

ಒಂಬತ್ತರಲ್ಲಿ ಎಂಟನೆಯ ಕುಳಿ ಅವರ ಪ್ರಾಣ. ಹೊಡೆಯುವ ದಿಬ್ಬದ ಎದುರು, ಎಡಕ್ಕೆ, ಕಲ್ಲು ಕಡಿದು ತೆಗೆದ ದೊಡ್ಡ ಕೋರೆ. ಕಳ ಅದರ ಆಚೆ ಬದಿಯಲ್ಲಿ. ನೇರ ಹೊಡೆದರೆ ಚೆಂಡು ಕೋರೆಗೆ. ಆದ್ದರಿಂದ ಮೊದಲು ಬಲಕ್ಕೆ ಹೊಡೆದು, ಅಲ್ಲಿಂದ ತಿರುಗಿ ಕಳಕ್ಕೆ ಹೊಡೆಯಬೇಕು. ಬಗ್ಗಿಸಿದ ಕೈಯಂತಿರುವ ಅದಕ್ಕೆ ಮೊಣಕೈ ಎಂದು ಹೆಸರಿಟ್ಟವರು ಇವರೇ. ಕಂಪೆನಿ ಹೊಸ ಮನೆ ಕಟ್ಟಲು ಜಾಗ ಹುಡುಕಿದಾಗ, ಕೋರೆಯ ಆಚೆ ದಡದ ಖಾಲಿ ನೆಲವನ್ನು ತೋರಿಸಿ, "ಇಲ್ಲಿ ಕಟ್ಟಿ. ಇಲ್ಲಿಗೆ ಚೆಂಡು ಬರುದಿಲ್ಲ. ನಾನು ಹೇಳ್ತೇನೆ" ಎಂದವರೂ ಇವರೇ. ನಕ್ಷೆ ಮಾಡಿದವರು ಯಾರೂ ಅಳೆದು ನೋಡಲಿಲ್ಲ. ಸುಬ್ಬಪ್ಪ ಹೇಳಿದ ಮೇಲೆ ಮುಗಿಯಿತು. ಈ ಊರಲ್ಲಿ ಹಾಗೆ. ಬಾವಿಗೆ ಜಾಗ ತೋರಿಸಿದವನ ಮಾತನ್ನು ನೀರು ಬರುವವರೆಗೆ ಯಾರೂ ಪ್ರಶ್ನಿಸುವುದಿಲ್ಲ.

ಆ ಮನೆಯೇ ನಮ್ಮದು.

ಕಳೆದ ದೀಪಾವಳಿಯವರೆಗೆ ಅವರ ಮಾತು ಸುಳ್ಳಾಗಿರಲಿಲ್ಲ. ಆಮೇಲೆ ಕಲ್ಕತ್ತೆಯ ಆಫೀಸಿನಿಂದ ಶೇಖರ ಎಂಬ ಹೊಸ ಆಫೀಸರು ಬಂದರು. ಎತ್ತರದ ಆಳು, ಅಗಲ ಭುಜ. ಹಳಬರದು ದೊರೆಗಳು ಬಿಟ್ಟುಹೋದ ಮರದ ಕೋಲು. ಶೇಖರರದು ಮಿರುಗುವ ಉಕ್ಕಿನ ಕೋಲು. ಚೆಂಡೂ ಹೊಸ ನಮೂನೆಯದು. ಬಂದ ವಾರವೇ ಮೊದಲ ಕುಳಿಯಲ್ಲಿ ಒಂದೇ ಪೆಟ್ಟಿಗೆ ಕಳದ ಹತ್ತಿರ ಬೀಳಿಸಿದರು. ಅವರನ್ನು ನೋಡಿ ಉಳಿದ ಕಿರಿಯರೂ ಅಂಥದೇ ಕೋಲು ತರಿಸಿದರು. ತಿಂಗಳೊಳಗೆ ಮೈದಾನದ ಮರ್ಯಾದೆ ಒಂದೊಂದೇ ಕುಳಿಯಾಗಿ ಹೋಯಿತು.

ಒಂದು ದಿನ ನಮ್ಮ ಬೇಲಿಯ ಹತ್ತಿರವೇ ಶೇಖರರಿಗೂ ಸುಬ್ಬಪ್ಪಣ್ಣನಿಗೂ ಚರ್ಚೆ.

"ಸುಬ್ಬಪ್ಪ, ಬೇಜಾರ್ ಮಾಡ್ಬೇಡ. ಇದು ಮಕ್ಕಳ ಮೈದಾನ. ಮರದ ಕೋಲಿನ ಕಾಲಕ್ಕೆ ಸರಿ. ಈಗ ಹೊಡೆದ್ರೆ ನಿನ್ನ ಬಂಡೆ, ನಿನ್ನ ಹೊಂಡ ಎಲ್ಲದರ ತಲೆ ಮೇಲಿಂದ ಹೋಗ್ತದೆ."

"ಹೋಗ್ಲಿ ಧಣಿ. ದೂರ ಹೋದದ್ದು ಕುಳಿಗೆ ಬೀಳ್ಬೇಕಲ್ಲ? ಮೊನ್ನೆ ಐದನೇ ಕಳದಲ್ಲಿ ಕೂತು ತಟ್ಟಿದ್ದೇ ತಟ್ಟಿದ್ದು, ಅವಲಕ್ಕಿ ಕುಟ್ಟಿದ ಹಾಗೆ. ಅದು ಯಾರು?"

ಶೇಖರ ನಕ್ಕುಬಿಟ್ಟರು. "ಅದು ನೀನು ಕಳವನ್ನು ಒಂದು ಬದಿಗೆ ಓರೆ ಮಾಡಿದ್ದಕ್ಕೆ!"

"ಓರೆ ಮಾಡಿದ್ದು ದೊರೆ. ನಾನು ಗುಡಿಸುದು ಮಾತ್ರ. ಮತ್ತೆ ಮೊಣಕೈ ಉಂಟಲ್ಲ, ಅದನ್ನು ನೇರ ಹೊಡೆದು ತೋರಿಸಿ. ಕೋರೆ ದಾಟಿಸಿ. ಈ ಮೀಸೆ ಬೋಳಿಸ್ತೇನೆ."

ನನಗೆ ಆಗಲೇ ಕೂಗಿ ಹೇಳಬೇಕೆನಿಸಿತ್ತು, ಅವರಿಗೆ ಛಲ ಹತ್ತಿಸಬೇಡಿ ಎಂದು. ಕೋರೆ ದಾಟಿದರೆ ಆಚೆ ದಡದಲ್ಲಿ ಇರುವುದು ಕಳ ಮಾತ್ರವಲ್ಲ. ಕೂದಲೆಳೆಯಷ್ಟು ಎಡಕ್ಕೆ ವಾಲಿದರೆ ನನ್ನ ಅಂಗಳ.

ಫೆಬ್ರವರಿಯಲ್ಲಿ ತುಳಸಿಯ ಬುಡದಲ್ಲಿ ಮೊದಲ ಚೆಂಡು ಸಿಕ್ಕಿತು. ಸುಬ್ಬಪ್ಪಣ್ಣನಿಗೆ ತೋರಿಸಿದೆ. ಅವರು ಅದನ್ನು ತಿರುಗಿಸಿ ನೋಡಿ, "ಕಾಗೆ" ಎಂದರು.

"ಎಂತ ಕಾಗೆ?"

"ಮೊಟ್ಟೆ ಅಂತ ತಿಳಿದು ಕೊಂಡುಬರ್ತವೆ ಅಕ್ಕ. ಒಡೀದಿದ್ರೆ ಬಿಸಾಡ್ತವೆ. ಮೂಡಬಿದ್ರೆ ದಾರಿಯಲ್ಲೂ ಒಮ್ಮೆ ಸಿಕ್ಕಿತ್ತು."

ಕಾಗೆ ಚೆಂಡು ಒಯ್ಯುವುದು ಸುಳ್ಳಲ್ಲ, ನಾನೇ ಕಂಡಿದ್ದೇನೆ. ಆದರೆ ಆಮೇಲೆ ಬಾವಿಕಟ್ಟೆಯ ಹತ್ತಿರ ಒಂದು, ಹಿತ್ತಲ ಬಸಳೆ ಚಪ್ಪರದೊಳಗೆ ಒಂದು. ಪ್ರತಿ ಸಲವೂ ಅವರದು ಕಾಗೆಯೇ. ಕೊನೆಕೊನೆಗೆ ಹೇಳುವಾಗ ಅವರು ನನ್ನ ಮುಖ ನೋಡುತ್ತಿರಲಿಲ್ಲ.

ಆಟವಿದ್ದ ದಿನಗಳಲ್ಲಿ ನಾನು ಕಿಟಕಿಗೆ ಹಲಗೆ ಕೊಟ್ಟು ಕೂರುತ್ತಿದ್ದೆ. ಕಾಂತಿ ಬಾಗಿಲಿಗೆ ಕೈ ಬಡಿದು ಅತ್ತು ಅತ್ತು ಅಲ್ಲೇ ನೆಲದಲ್ಲಿ ನಿದ್ದೆಹೋಗುತ್ತಿದ್ದಳು. ಹೊರಗೆ ಇಡೀ ಪದವು, ಒಳಗೆ ನಾವು. ಊರವರು ಮಳೆ ಬಂತೆಂದರೆ ಮನೆ ಸೇರುತ್ತಾರೆ. ನನಗೆ ಮಾತ್ರ ಜೂನ್ ಬಂದರೆ ಬಿಡುಗಡೆ, ಯಾಕೆಂದರೆ ಮಳೆಯಲ್ಲಿ ಆಟವಿಲ್ಲ. ಮೊಟ್ಟೆ ಮಾರಲು ಬರುವ ಜುಲೈಕಾ ಜಗಲಿಯಲ್ಲಿ ಬುಟ್ಟಿ ಇಳಿಸಿ ಕಿಟಕಿಯ ಸಂದಿನಿಂದ ಇಣುಕಿ ಹೇಳುತ್ತಿದ್ದಳು:

"ಎಂತ ಬಾಯಮ್ಮ ಇದು? ನಾವು ಕೋಳಿಯನ್ನಾದ್ರೂ ಹಗಲು ಗೂಡಿಂದ ಬಿಡ್ತೇವೆ. ನೀವು ಮಗುವನ್ನೇ ಮುಚ್ಚಿಟ್ಟಿದ್ದೀರಿ. ಹೀಗೆ ಕೂತ್ರೆ ಕಾವಿಗೆ ಮರಿಯಾದ್ರೂ ಆದೀತು!"

"ಚೆಂಡು ಬೀಳ್ತದೆ ಜುಲೈಕಾ."

"ಬೀಳುದಾದ್ರೆ ಹೊಡೆಯುವವನ ಹತ್ರ ಹೇಳ್ಬೇಕು. ಚಿಲಕದ ಹತ್ರ ಹೇಳಿದ್ರೆ ಅದಕ್ಕೆ ಎಂತ ಗೊತ್ತು?"

ನಾನು ಹೇಳಿದ್ದು ಗಂಡನಿಗೆ. ಸುಧಾಕರ ಕೆಟ್ಟವರಲ್ಲ. ಗೂಡಿನ ಬೂದಿಯಲ್ಲಿ ಮುಳುಗಿ ಬಂದು, ಸ್ನಾನ ಮಾಡಿ, ಉಣ್ಣುತ್ತ ಕೇಳಿಸಿಕೊಂಡರು.

"ಮುಂದಿನ ಸೋಮವಾರ ಘಟ್ಟದ ಮೇಲಿನವರ ಜತೆ ಪಂದ್ಯ ಉಂಟು," ಅಂದರು. "ಪಂದ್ಯದ ಮೇಲೆ ಕ್ಲಬ್ಬಿನ ಸಭೆ. ಈ ಮೈದಾನ ಈಗಿನವರ ಪೆಟ್ಟಿಗೆ ಸಾಕಾಗ್ತದಾ ಇಲ್ವಾ ಅಂತ ಅಲ್ಲಿ ತೀರ್ಮಾನ. ಮ್ಯಾನೇಜರು ಹೇಳಿದ್ದಾರೆ, ಎಲ್ಲ ಕುಳಿ ಸೋತಾಯ್ತು, ಉಳಿದದ್ದು ಮೊಣಕೈ ಒಂದೇ. ಅದೂ ತಡೆಯುದಿಲ್ಲ ಅಂತಾದ್ರೆ ಪದವನ್ನು ಗೇರು ನೆಡ್ಲಿಕ್ಕೆ ಕೊಡುವ, ಆಡುವವರು ಬೇರೆ ಕಡೆ ನೋಡ್ಕೊಳ್ಳಲಿ ಅಂತ."

"ಹಾಗಾದ್ರೆ ಸುಬ್ಬಪ್ಪಣ್ಣ?"

"ಅದೇ ಮತ್ತೆ. ಅವರಿಗೆ ಪದವು ಬಿಟ್ರೆ ಎಲ್ಲಿ ಜಾಗ? ಮ್ಯಾನೇಜರು ದಿನಾ ಅವರ ಹತ್ರವೇ ಕೇಳುದು. ಅವರು ಒಂದೂ ಚೆಂಡು ದಾಟುದಿಲ್ಲ ಅಂತಿದ್ದಾರೆ."

"ದಾಟ್ತದೆ!"

"ನೀನು ಕಂಡಿದ್ದೀಯಾ, ಬೀಳುದನ್ನು?"

ಕಂಡಿರಲಿಲ್ಲ. ಬಾಗಿಲು ಹಾಕಿಕೊಂಡು ಕೂತವಳಿಗೆ ಕಾಣುವುದು ಹೇಗೆ?

"ನಮ್ಮ ಬಾಯಿಂದ ಒಬ್ಬನ ಅನ್ನ ಹೋಗ್ಬಾರ್ದು ಪ್ರಫುಲ್ಲಾ. ಹೇಳುದಾದ್ರೆ ಅವರೇ ಹೇಳ್ಲಿ."

ನನ್ನ ಮಗಳಿಗೆ ಹೆಬ್ಬೆರಳು ಕೊಟ್ಟು ನಡೆಸಿದವರ ಅನ್ನ ಅದು. ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ. ಕಾಂತಿಯ ಮೇಲೆ ಕೈ ಇಟ್ಟರೆ ಇತ್ತ ಹೆದರಿಕೆ, ಸುಬ್ಬಪ್ಪಣ್ಣನನ್ನು ನೆನೆದರೆ ಅತ್ತ ಹೆದರಿಕೆ.

ಪಂದ್ಯದ ಹಿಂದಿನ ದಿನ, ಆದಿತ್ಯವಾರ, ಸುಬ್ಬಪ್ಪಣ್ಣ ತಾವೇ ನಮ್ಮ ಅಂಗಳಕ್ಕೆ ಬಂದರು. ಮುಂಡಾಸು ಹೊಸತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೋರೆಗೆ ಮುಖಮಾಡಿ ಕೂತರು.

"ಇವತ್ತು ಶೇಖರಣ್ಣೇರು ಅಭ್ಯಾಸಕ್ಕೆ ಬರ್ತಾರೆ ಅಕ್ಕ. ಮೊಣಕೈಯಲ್ಲಿ ನೇರ ಹೊಡೆಯುದಂತೆ. ನಾನು ಇಲ್ಲೇ ಕೂರ್ತೇನೆ. ನೀವೂ ನೋಡಿ. ಒಂದು ಚೆಂಡು ಬರ್ಲಿ, ನಾನು ಸುಬ್ಬಪ್ಪ ಅಲ್ಲ."

"ಬೇಡ ಸುಬ್ಬಪ್ಪಣ್ಣ. ತಾಗಿದ್ರೆ?"

"ತಾಗ್ಲಿಕ್ಕೆ ಬರ್ಬೇಕಲ್ಲ."

ನಾನು ಮಗುವನ್ನು ಒಳಗಿಟ್ಟು ಬಾಗಿಲ ಸಂದಿನಲ್ಲಿ ನಿಂತೆ. ಆಚೆ ದಿಬ್ಬದ ಮೇಲೆ ಶೇಖರರ ಬಿಳಿ ಅಂಗಿ. ಮೊದಲ ಪೆಟ್ಟು, ಚೆಂಡು ಕೋರೆಯ ಗೋಡೆಗೆ ಬಡಿದು ಕೆಳಗೆ ಉರುಳಿತು. ಎರಡನೆಯದೂ ಕೋರೆಗೆ. ಸುಬ್ಬಪ್ಪಣ್ಣ ತೊಡೆ ತಟ್ಟಿ ನನ್ನತ್ತ ತಿರುಗಿ ನಕ್ಕರು. "ನೋಡಿದ್ರಾ? ಕಲ್ಲಿಗೆ ವಯಸ್ಸಾಗುದಿಲ್ಲ ಅಕ್ಕ. ಕೋಲು ಎಷ್ಟು ಹೊಸತಾದ್ರೂ ಹೊಂಡ ಅಷ್ಟೇ ಅಗಲ." ಮತ್ತೂ ಕೆಲವು ಹಾಗೆಯೇ ಹೋದವು. ಅವರ ನಗು ನೋಡಿ, ದೇವರೇ, ಇವರು ಹೇಳಿದ್ದೇ ನಿಜವಾಗಲಿ, ಎಲ್ಲ ಕಾಗೆಯ ಕೆಲಸವೇ ಆಗಿರಲಿ ಎಂದು ನಾನೂ ಆಶಿಸಿದೆ. ಎದೆ ಹಗುರಾಯಿತು. ಒಳಗೆ ಹಾಲು ಉಕ್ಕಿದ ವಾಸನೆ ಬಂತು. ಓಡಿದೆ. ಬಾಗಿಲಿಗೆ ಚಿಲಕ ಹಾಕುವುದನ್ನು ಮರೆತೆ.

ಪಾತ್ರೆ ಇಳಿಸುವಾಗ "ಅಜ್ಜಾ" ಎಂಬ ಕಾಂತಿಯ ಕೂಗು ಹೊರಗಿನಿಂದ ಕೇಳಿತು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಅವಳು ಒಗೆಯುವ ಕಲ್ಲಿನ ಹತ್ತಿರ ತಲುಪಿದ್ದಳು. ಸುಬ್ಬಪ್ಪಣ್ಣ ಆಕಾಶ ನೋಡುತ್ತಿದ್ದವರು ಒಮ್ಮೆಗೇ ಎದ್ದು ಮಗುವಿನ ಮೇಲೆ ಬಾಗಿ ಕೈ ಅಡ್ಡ ಹಿಡಿದರು. ಹಸಿ ಕಟ್ಟಿಗೆ ಮುರಿದಂಥ ಸದ್ದು. ಚೆಂಡು ಅವರ ಮುಂಗೈಗೆ ಬಡಿದು, ಪುಟಿದು, ಅಂಗಳದಲ್ಲಿ ಉರುಳಿತು.

ಕಾಂತಿಗೆ ಆಟ. ಓಡಿಹೋಗಿ ಹೆಕ್ಕಿ ತಂದು ಅವರ ಮುಂದೆ ಹಿಡಿದಳು. "ಅಜ್ಜ, ಚೆಂಡು!"

ಅವರು ತೆಗೆದುಕೊಳ್ಳಲಿಲ್ಲ. ಕಲ್ಲಿನ ಮೇಲೆ ಕೂತು ಕೈಯನ್ನು ಮಡಿಲಲ್ಲಿಟ್ಟುಕೊಂಡರು. ಆಚೆ ದಿಬ್ಬದಿಂದ ಶೇಖರ ಕೈ ಬೀಸಿ ಕೂಗಿದರು, "ಸುಬ್ಬಪ್ಪಾ, ಅದು ದಾಟಿತಾ?"

ಸುಬ್ಬಪ್ಪಣ್ಣ ಪೆಟ್ಟಾಗದ ಕೈಯನ್ನು ಎತ್ತಿ ಕೋರೆಯತ್ತ ತೋರಿಸಿದರು. ಕೆಳಗೆ ಬಿತ್ತು ಎಂಬಂತೆ.

ಶೇಖರ ಕೋಲುಗಳನ್ನು ಚೀಲಕ್ಕೆ ತುಂಬಿಸಿ ಹೋದರು. ನಾನು ಮಗುವನ್ನು ಎದೆಗೊತ್ತಿಕೊಂಡು ನಿಂತಿದ್ದೆ. ಆಮೇಲೆ ಹಳೆ ಸೀರೆ ಹರಿದು, ಒದ್ದೆ ಮಾಡಿ, ಅವರ ಕೈಗೆ ಸುತ್ತಿದೆ. ಕೈ ಕಣ್ಣೆದುರೇ ಊದುತ್ತಿತ್ತು.

"ಗಾಳಿ ಇತ್ತು ಅಕ್ಕ," ಅಂದರು.

"ಒಣಗ್ಲಿಕ್ಕೆ ಹಾಕಿದ ಸೀರೆ ಅಲ್ಲಾಡ್ಲಿಲ್ಲ ಸುಬ್ಬಪ್ಪಣ್ಣ."

ಅವರು ಸೀರೆಯತ್ತ ನೋಡಿದರು. "ಹೌದು. ಅಲ್ಲಾಡ್ಲಿಲ್ಲ."

"ನೀವೇ ಹೇಳಿ. ಮ್ಯಾನೇಜರ ಹತ್ರ. ನಾಳೆ ಅಷ್ಟು ಜನ ಬರ್ತಾರೆ, ಎಲ್ಲರೂ ನೇರವೇ ಹೊಡೀತಾರೆ. ಇವತ್ತು ನಿಮ್ಮ ಕೈ ಅಡ್ಡ ಇತ್ತು. ನಾಳೆ?"

"ನಾಳೆ ಒಂದು ದಿನ ಮಗುವನ್ನು ಒಳಗೆ ಇಡಿ. ಮತ್ತೆ ಮಳೆ ಬರ್ತದೆ. ಮಳೆ ಕಳೆದ ಮೇಲೆ ನಾನು ದಿಬ್ಬವನ್ನು ಹಿಂದೆ ಸರಿಸ್ತೇನೆ. ಬೇಲಿಗೆ ಬಿದಿರು ನೆಡ್ತೇನೆ. ಆಗುದಿಲ್ವಾ?"

"ಬಿದಿರು ಏಳ್ಲಿಕ್ಕೆ ಎಷ್ಟು ವರ್ಷ ಬೇಕು?"

ಅವರು ತಮ್ಮಷ್ಟಕ್ಕೇ ಎಂಬಂತೆ ಹೇಳಿದರು: "ಮನೆ ಇಲ್ಲಿ ಕಟ್ಟಿ ಅಂತ ಹೇಳಿದ್ದು ನಾನು. ಚೆಂಡು ಬರ್ತದೆ ಅಂತ ಈ ಬಾಯಿಂದಲೇ ಹೇಗೆ ಹೇಳುದು? ನಾಲಿಗೆ ಏಳುದಿಲ್ಲ ಅಕ್ಕ."

ಎದ್ದು ಹೋದರು. ಸಂಜೆ ಸುಧಾಕರ ಬಂದು, ಮ್ಯಾನೇಜರು ಕೇಳಿದ್ದಕ್ಕೆ ಸುಬ್ಬಪ್ಪ ಇವತ್ತೂ ಒಂದೂ ದಾಟಲಿಲ್ಲ ಎಂದರಂತೆ, ಕೈಗೆ ಏನು ಎಂದರೆ ಕೋರೆಯಲ್ಲಿ ಜಾರಿದೆ ಎಂದರಂತೆ ಎಂದು ಹೇಳಿದರು. ನಾನು ಕಂಡದ್ದನ್ನು ಹೇಳಿದೆ. ಅವರು ತಟ್ಟೆಯ ಮುಂದೆ ಕೈ ನಿಲ್ಲಿಸಿದರು. ಕಾಂತಿಯನ್ನು ಮಡಿಲಿಗೆ ಎಳೆದುಕೊಂಡರು. ಆದರೂ ಹೇಳುತ್ತೇನೆ ಎನ್ನಲಿಲ್ಲ, ಹೇಳಬೇಡ ಎಂದೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಗೂಡಿಗೆ ಬೆಂಕಿ ಹಾಕುವ ಪಾಳಿ ಇತ್ತು, ಬೇಗ ಹೊರಟುಹೋದರು.

ನಾನು ಬಾಗಿಲಿಗೆ ಚಿಲಕ ಹಾಕಿ ಕಾಂತಿಯ ಎದುರು ಕೂತೆ. ಅವಳು ತನ್ನಷ್ಟಕ್ಕೆ ಹೋಗಿ ಕಿಟಕಿಯ ಹಲಗೆ ಎಳೆದು ತರಲು ನೋಡುತ್ತಿದ್ದಳು. ಸೋಮವಾರವೂ ಆಟ ಉಂಟೆಂದು ಅವಳಿಗೆ ಹೇಗೆ ತಿಳಿಯಿತೋ. ಹಲಗೆ ಅವಳಿಗಿಂತ ಉದ್ದ. ತಂದು ಕಿಟಕಿಯ ಕೆಳಗೆ ಒರಗಿಸಿ, "ಅಮ್ಮ, ಮುಚ್ಚು" ಎಂದಳು.

ನಾನು ಅವಳನ್ನು ಸೊಂಟಕ್ಕೆ ಏರಿಸಿಕೊಂಡು ಬಾಗಿಲು ತೆರೆದು ಹೊರಬಿದ್ದೆ.

ಕೋರೆಯ ಅಂಚಿನಿಂದ ಸುತ್ತಿ ಕ್ಲಬ್ಬಿನ ಕೊಟ್ಟಿಗೆಗೆ ಬರುವಾಗ ಬಿಸಿಲು ಏರಿರಲಿಲ್ಲ. ಆಟದವರು ಯಾರೂ ಬಂದಿರಲಿಲ್ಲ. ಸುಬ್ಬಪ್ಪಣ್ಣ ಒಂಬತ್ತನೆಯ ಕಳವನ್ನು ಎಡಗೈಯಲ್ಲಿ ಗುಡಿಸುತ್ತಿದ್ದರು. ಗೆರೆಗಳು ಅಂಕುಡೊಂಕಾಗಿದ್ದವು. ನನ್ನನ್ನು ಕಂಡು ನಿಂತರು.

"ಕ್ಲಬ್ಬಿನ ಬೀಗದ ಕೈ ಬೇಕಿತ್ತು," ಅಂದೆ.

"ಫೋನಿಗಾ?"

"ಹೌದು."

ಕೊಡಲಾರರು ಎಂದುಕೊಂಡಿದ್ದೆ. ಕೊಡದಿದ್ದರೆ ತಿರುಗಿ ಹೋಗುತ್ತಿದ್ದೆನೋ ಏನೋ. ಅವರು ಹಿಡಿಸೂಡಿಯನ್ನು ಕಂಕುಳಲ್ಲಿ ಸಿಕ್ಕಿಸಿ, ಸೊಂಟದ ನೂಲಿನಿಂದ ಕೀಲಿ ಬಿಡಿಸಲು ನೋಡಿದರು. ಒಂದು ಕೈಗೆ ಗಂಟು ಬಿಡಲಿಲ್ಲ. ನಾನೇ ಬಿಡಿಸಿದೆ. ಕಾಂತಿ ಅವರ ಮುಂಡಾಸನ್ನು ಮುಟ್ಟಿ ನಕ್ಕಳು. ಅವರೂ ನಗಲು ನೋಡಿದರು.

"ಫೋನಿನ ಹಿಡಿಯನ್ನು ಮೆಲ್ಲ ತಿರುಗಿಸಿ," ಅಂದರು. "ಸಡಿಲ ಉಂಟು."

ಕೊಟ್ಟಿಗೆಯೊಳಗೆ ಗೋಡೆಗೆ ತೂಗಿದ ಕಪ್ಪು ಫೋನು. ಕಾಂತಿಯನ್ನು ಮೇಜಿನ ಮೇಲೆ ಕೂರಿಸಿ ಹಿಡಿ ತಿರುಗಿಸಿದೆ. ಕಾರ್ಖಾನೆಯ ಗೇಟಿನಲ್ಲಿ ಫೋನು ನೋಡುವ ಅಬ್ದುಲ್ ರವೂಫ್ ಎತ್ತಿದ.

"ಯಾರು? ಸುಬ್ಬಪ್ಪಣ್ಣನಾ?"

"ಅಲ್ಲ. ಸುಧಾಕರರ ಮನೆಯಿಂದ. ಮ್ಯಾನೇಜರ ಬಂಗಲೆಗೆ ಕೊಡಿ."

"ಬಂಗಲೆಗಾ? ಇಷ್ಟು ಬೇಗನಾ ಅಕ್ಕ? ಅರ್ಜೆಂಟಾ?"

"ಹೌದು. ಅರ್ಜೆಂಟ್."

ಗರಗರ ಸದ್ದಾಗಿ ಮ್ಯಾನೇಜರು ವೆಂಕಟೇಶ್ವರ ರಾಯರ ಸ್ವರ ಕೇಳಿತು. ನನ್ನ ಹೆಸರು ಹೇಳಿದೆ. ಇವತ್ತಿನ ಪಂದ್ಯದಲ್ಲಿ ಮೊಣಕೈಯಲ್ಲಿ ಯಾರೂ ಕೋರೆಯ ಮೇಲಿಂದ ಹೊಡೆಯಬಾರದು, ಚೆಂಡು ದಾಟಿ ನಮ್ಮ ಅಂಗಳಕ್ಕೆ ಬೀಳುತ್ತದೆ, ಮಗು ಇದೆ, ಎಂದು ಒಂದೇ ಉಸಿರಿಗೆ ಹೇಳಿದೆ.

"ದಾಟ್ತದಾ?" ಅವರು ಕೇಳಿದರು. "ಏನು ಹೇಳ್ತಾ ಇದ್ದೀರಮ್ಮ? ನಿನ್ನೆ ಸಂಜೆ ಸುಬ್ಬಪ್ಪ ನನ್ನೆದುರು ನಿಂತು ಒಂದೂ ದಾಟುದಿಲ್ಲ ಅಂದಿದ್ದಾನೆ. ಇವತ್ತು ಸಭೆ ಇರುದೇ ಅದರ ಬಗ್ಗೆ. ಸುಮ್ಮನೆ ಹೆದರಿ ಹೇಳುದಲ್ವಲ್ಲ?"

"ಅಲ್ಲ ಸರ್."

"ಅವನು ಅಲ್ಲೇ ಇದ್ದಾನಾ? ಫೋನು ಅವನ ಕೈಗೆ ಕೊಡಿ. ಅವನ ಬಾಯಿಂದ ಕೇಳ್ತೇನೆ."

ನಾನು ಬಾಗಿಲಿನಾಚೆ ನೋಡಿದೆ. ಸುಬ್ಬಪ್ಪಣ್ಣ ಅರ್ಧ ಗುಡಿಸಿದ ಕಳದ ನಡುವೆ, ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು, ನನಗೆ ಬೆನ್ನು ಹಾಕಿ ನಿಂತಿದ್ದರು.

"ಅವರನ್ನು ಕೇಳಬೇಡಿ ಸರ್," ಅಂದೆ. "ನನ್ನನ್ನು ಕೇಳಿ. ಬಿದ್ದದ್ದನ್ನು ಕಣ್ಣಾರೆ ಕಂಡವಳು ನಾನು."